ಪುಸ್ತಕ ಮುಚ್ಚಿ ಬರೆದದ್ದು

ವುಲ್ವರ್‌ಹ್ಯಾಂಪ್ಟನ್
28 ಸೆಪ್ಟೆಂಬರ್ 2014

ಚಿರಂಜೀವಿ ಪ್ರತೀಕ್ಷಾಳಿಗೆ,

ನಾನು ಡಾಕ್ಟರ್ ಇಂದುಶೇಖರ. ನಿನ್ನ ಅಪ್ಪ ಸೋಮಲಿಂಗಪ್ಪನೂ ನಾನೂ ದಾವಣಗೆರೆಯಲ್ಲಿ ಪಿಯುಸಿ ಓದುವಾಗ ಹಾಸ್ಟೆಲಿನ ಒಂದೇ ಕೋಣೆಯಲ್ಲಿದ್ದವರು. ನಿನ್ನನ್ನು ನಾನು ನೋಡಿದ್ದು ನಿನಗೆ ನಾಲ್ಕು ವರ್ಷವಿದ್ದಾಗ. ನೀನು ನನ್ನ ಸ್ಟೆತೊಸ್ಕೋಪ್ ಕಚ್ಚಿದ್ದೆ. ಮೊನ್ನೆ ನಿನ್ನ ಅಪ್ಪ ಫೋನ್ ಮಾಡಿ, "ಇಂದು, ಹುಡುಗಿ ಎಂಎಸ್ಸಿ ಓದಾಕೆ ಲೀಡ್ಸಿಗೆ ಬಂದೈತಪ್ಪಾ. ಬಟ್ಟೆ ತಂತ್ರಜ್ಞಾನ ಅಂತೆ. ಹೆಂಗ್ ಓದ್ಬೇಕು ಅಂತ ನೀನೇ ಒಂದಿಷ್ಟು ಹೇಳು. ನೀನು ರ‍್ಯಾಂಕ್ ಬಂದೋನು" ಎಂದ. ಅದಕ್ಕೇ ಈ ಕಾಗದ. ಫೋನಿನಲ್ಲಿ ಹೇಳಿದ್ದು ಕಿವಿಯಲ್ಲಿ ನಿಲ್ಲುವುದಿಲ್ಲ, ಇಮೇಲನ್ನು ಯಾರೂ ಎರಡನೇ ಸಲ ಓದುವುದಿಲ್ಲ. ನೀನೂ ಕೈಯಲ್ಲೇ ಬರೆದು ಉತ್ತರಿಸು.

ನನ್ನ ವಿಧಾನ ಸರಳ. ಬೆಳಿಗ್ಗೆ ನಾಲ್ಕೂವರೆಗೆ ಏಳಬೇಕು. ತಣ್ಣೀರಲ್ಲಿ ಮುಖ ತೊಳೆಯಬೇಕು. ಒಂದು ಪ್ಯಾರಾವನ್ನು ಗಟ್ಟಿಯಾಗಿ ಮೂರು ಸಲ ಓದಬೇಕು, ಪುಸ್ತಕ ಮುಚ್ಚಿ ಒಪ್ಪಿಸಬೇಕು, ಆಮೇಲೆ ನೋಡದೆ ಬರೆಯಬೇಕು. ಒಂದು ಪದ ತಪ್ಪಿದರೂ ಮೊದಲಿನಿಂದ. ಮೈಸೂರಿನಲ್ಲಿ ಅನಾಟಮಿಯ ಇಡೀ ಪುಸ್ತಕವನ್ನು ನಾನು ಹೀಗೇ ಹೊಟ್ಟೆಗೆ ಹಾಕಿಕೊಂಡೆ. ಇವತ್ತು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಅಂಗೈಯ ನರಗಳನ್ನು ಸಾಲಾಗಿ ಹೇಳುತ್ತೇನೆ. ತರಗತಿಯಲ್ಲಿ ಪ್ರಶ್ನೆ ಕೇಳಬೇಡ. ಕೇಳಿದರೆ ಓದಿಲ್ಲವೆಂದು ಗೊತ್ತಾಗುತ್ತದೆ. ಪುಸ್ತಕ ಬರೆದವನ ಜೊತೆ ವಾದಕ್ಕಿಳಿಯಬೇಡ. ಅವನಿಗೆ ನಿನಗಿಂತ ಹೆಚ್ಚು ಗೊತ್ತಿರುತ್ತದೆ.

ಇದು ಬರೀ ಬಾಯಿಮಾತಲ್ಲ. ಮೂವತ್ತೈದು ವರ್ಷ ಫ್ಯಾಮಿಲಿ ಡಾಕ್ಟರಾಗಿ ದುಡಿದು ಈ ವರ್ಷ ನಿವೃತ್ತನಾದೆ. ಮನೆಯಲ್ಲಿ ಕೂತರೆ ಚಂದ್ರಪ್ರಭಾ ಪ್ರತಿ ಅರ್ಧ ಗಂಟೆಗೊಮ್ಮೆ, "ಏನ್ರೀ, ಸುಮ್ಮನೆ ಕೂತಿದ್ದೀರಾ?" ಎನ್ನುತ್ತಾಳೆ. ಹಾಗಾಗಿ ಬರ್ಮಿಂಗ್‌ಹ್ಯಾಮಿನಲ್ಲಿ ಹಿಸ್ಟರಿ ಬಿಎಗೆ ಸೇರಿದ್ದೇನೆ. ತರಗತಿಯಲ್ಲಿ ಎಲ್ಲರೂ ಹತ್ತೊಂಬತ್ತು, ನಾನೊಬ್ಬ ಅರವತ್ತೊಂದು. ಕ್ರಿಸ್ಮಸ್ಸಿಗೆ ನಮ್ಮಿಬ್ಬರ ಅಂಕಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ.

ಆಶೀರ್ವಾದಗಳೊಂದಿಗೆ,
ಡಾ. ಇಂದುಶೇಖರ


ಹೆಡಿಂಗ್ಲಿ, ಲೀಡ್ಸ್
12 ಅಕ್ಟೋಬರ್ 2014

ಪೂಜ್ಯ ಡಾಕ್ಟರ್ ಅಂಕಲ್‌ಗೆ ನಮಸ್ಕಾರ,

ಕಾಗದ ತಲುಪಿತು. ಸ್ಟೆತೊಸ್ಕೋಪಿನ ವಿಷಯಕ್ಕೆ ಕ್ಷಮಿಸಿ.

ನಿಮ್ಮ ವಿಧಾನವನ್ನು ಸೋಮವಾರವೇ ಶುರು ಮಾಡಿದೆ. ನಾಲ್ಕೂವರೆಗೆದ್ದು ಹತ್ತಿಯ ನೂಲಿನ ಗುಣಲಕ್ಷಣಗಳನ್ನು ಗಟ್ಟಿಯಾಗಿ ಮೂರು ಸಲ ಓದಿದೆ. ಎರಡನೇ ಸಲಕ್ಕೆ ಪಕ್ಕದ ಕೋಣೆಯ ಹುಡುಗಿ ಗೋಡೆ ಬಡಿದಳು. ಮೂರನೇ ಸಲಕ್ಕೆ ಬಾಗಿಲಿಗೇ ಬಂದು, ಹಬ್ಬವೋ ಕಾಯಿಲೆಯೋ ಎಂದು ವಿಚಾರಿಸಿದಳು. ಪರೀಕ್ಷೆಗೆ ಓದುತ್ತಿದ್ದೇನೆ ಅಂದೆ. "ಪರೀಕ್ಷೆ ಜೂನಿನಲ್ಲಿ ಅಲ್ವಾ?" ಎಂದಳು. ಈಗ ಸಣ್ಣ ಬದಲಾವಣೆ ಮಾಡಿಕೊಂಡು ಪಾಲಿಸುತ್ತಿದ್ದೇನೆ.

ಇಲ್ಲಿನ ತರಗತಿ ನೋಡಿ ನನಗೆ ಗಾಬರಿಯಾಗಿದೆ ಅಂಕಲ್. ಎಲ್ಲರಿಗೂ ಎಲ್ಲದರ ಬಗ್ಗೆಯೂ ಅಭಿಪ್ರಾಯವಿದೆ. ಮೊನ್ನೆ ಒಂದು ಸಂಶೋಧನಾ ಲೇಖನ ಚರ್ಚೆಗೆ ಬಂತು. ಅದನ್ನು ಬರೆದ ಪ್ರೊಫೆಸರ್ ಅಲ್ಲೇ ಕಿಟಕಿಯ ಹತ್ತಿರ ಕೂತಿದ್ದರು. ಒಬ್ಬ ಹುಡುಗ ಕಾಲು ಚಾಚಿಕೊಂಡು, "ನನಗಿದು ಒಪ್ಪಿಗೆಯಿಲ್ಲ" ಎಂದ. ಈಗ ಇವನನ್ನು ಹೊರಗೆ ಹಾಕುತ್ತಾರೆ ಎಂದುಕೊಂಡು ನಾನು ತಲೆ ತಗ್ಗಿಸಿದೆ. ಪ್ರೊಫೆಸರ್ ಖುಷಿಯಿಂದ ಮುಂದೆ ಬಾಗಿ, "ಗುಡ್, ಯಾಕೆ?" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ನಿನಗೇನನ್ನಿಸ್ತು?" ಎಂದರು. ತುಂಬ ಚೆನ್ನಾಗಿದೆ ಸರ್, ಎಂದೆ. ಅವರಿಗೆ ಸಂತೋಷವಾದಂತೆ ಕಾಣಲಿಲ್ಲ.

ನೀವು ಹೇಳಿದಂತೆ ಪ್ರಶ್ನೆಯನ್ನಂತೂ ಕೇಳಿಲ್ಲ. ಆಂಟಿಗೆ ನಮಸ್ಕಾರ ತಿಳಿಸಿ.

ನಿಮ್ಮ,
ಪ್ರತೀಕ್ಷಾ


ವುಲ್ವರ್‌ಹ್ಯಾಂಪ್ಟನ್
2 ನವೆಂಬರ್ 2014

ಚಿ. ಪ್ರತೀಕ್ಷಾ,

ಸರಿಯಾದ ಉತ್ತರವನ್ನೇ ಕೊಟ್ಟಿದ್ದೀಯ. ಆ ಕಾಲು ಚಾಚಿದ ಹುಡುಗನ ಗತಿ ಫಲಿತಾಂಶದ ದಿನ ನೋಡು. ಅಭಿಪ್ರಾಯ ಎನ್ನುವುದು ಓದದವರ ಆಸ್ತಿ.

ನನಗೂ ಮೊದಲ ಪ್ರಬಂಧ ಕೊಟ್ಟಿದ್ದಾರೆ. ಮಿಡ್‌ಲ್ಯಾಂಡ್ಸಿನ ಕಾಲುವೆಗಳು ರೈಲಿನ ಮುಂದೆ ಏಕೆ ಸೋತವು? ಎರಡು ಸಾವಿರ ಪದ. ನಮ್ಮ ಟ್ಯೂಟರ್ ಡಾಕ್ಟರ್ ಪಾರ್ಜಿಟರ್ ಎನ್ನುವವನಿಗೆ ಹೆಚ್ಚೆಂದರೆ ಮೂವತ್ತೆಂಟು ವಯಸ್ಸು. ಹನ್ನೆರಡು ಪುಸ್ತಕಗಳ ಪಟ್ಟಿ ಕೊಟ್ಟಿದ್ದಾನೆ. ನಾನು ಎಲ್ಲವನ್ನೂ ತೂಗಿ ನೋಡಿ ಅತ್ಯುತ್ತಮವಾದ ಒಂದನ್ನು ಆರಿಸಿಕೊಂಡೆ. ಅದರ ಏಳನೇ ಅಧ್ಯಾಯ ಈ ಪ್ರಶ್ನೆಗೆಂದೇ ಬರೆದ ಹಾಗಿದೆ. ಪುಟ 143ರಿಂದ 156.

ಎರಡು ವಾರ ದಿನಾ ಬೆಳಿಗ್ಗೆ ವೆಸ್ಟ್ ಪಾರ್ಕಿನ ಕೊಳದ ಸುತ್ತ ಒಪ್ಪಿಸುತ್ತ ನಡೆದೆ. ನಾಯಿ ತಿರುಗಿಸಲು ಬರುವವರು ಮೊದಮೊದಲು ಗುಡ್ ಮಾರ್ನಿಂಗ್ ಹೇಳುತ್ತಿದ್ದರು, ಆಮೇಲೆ ಕೊಳದ ಆ ಕಡೆಯಿಂದ ಹೋಗಲು ಶುರು ಮಾಡಿದರು. ಸಂಜೆ ಚಂದ್ರಪ್ರಭಾ ಪುಸ್ತಕ ಹಿಡಿದುಕೊಂಡು ಕೂರುತ್ತಿದ್ದಳು, ನಾನು ಎದುರು ನಿಂತು ಹೇಳುತ್ತಿದ್ದೆ. ಮೊನ್ನೆ ಹದಿನಾಲ್ಕು ಪುಟವನ್ನೂ ಹೇಳಿ ಮುಗಿಸಿದಾಗ ಅವಳು, "ಒಂದು ಕಾಮಾ ಕೂಡ ಬಿಟ್ಟಿಲ್ಲ ಕಣ್ರೀ" ಎಂದು ಬೆರಗಾದಳು. ನಿನ್ನೆ ಪುಸ್ತಕವನ್ನು ಕಪಾಟಿನಲ್ಲಿಟ್ಟು, ಬೀಗ ಹಾಕಿ, ಕೀಲಿಯನ್ನು ಅವಳ ಕೈಗೆ ಕೊಟ್ಟು, ಒಂದೇ ಏಟಿಗೆ ಪ್ರಬಂಧ ಬರೆದೆ. ಮುನ್ನುಡಿಗೆ ಮತ್ತು ಮುಕ್ತಾಯಕ್ಕೆ ಒಂದಿಷ್ಟು ಸ್ವಂತ ವಾಕ್ಯ ಸೇರಿಸಬೇಕಾಯಿತು. ಉಳಿದದ್ದೆಲ್ಲ ಶುದ್ಧ ಜ್ಞಾಪಕ, ಹದಿನಾಲ್ಕು ಪುಟದಲ್ಲಿ ಎರಡು ಸಾವಿರ ಪದಕ್ಕೆ ಹಿಡಿಸಿದಷ್ಟು. ಕಂಪ್ಯೂಟರಿನಲ್ಲಿ ಕಳಿಸಿದ್ದೂ ಆಯಿತು.

ಓದುವುದೆಂದರೆ ಇದು.

ಇಂದುಶೇಖರ


ವುಲ್ವರ್‌ಹ್ಯಾಂಪ್ಟನ್
30 ನವೆಂಬರ್ 2014

ಚಿ. ಪ್ರತೀಕ್ಷಾ,

ಅವಸರದಲ್ಲಿ ನಾಲ್ಕೇ ಸಾಲು. ನನ್ನ ಪ್ರಬಂಧದ ವರದಿ ಬಂತು. ಕಂಪ್ಯೂಟರಿನಲ್ಲಿ ಅರವತ್ತೆಂಟು ಪರ್ಸೆಂಟ್ ಎಂದು ತೋರಿಸಿತು. ಚಂದ್ರಪ್ರಭಾ ಹಿಂದೆಯೇ ನಿಂತಿದ್ದವಳು ನೋಡಿ, "ಫಸ್ಟ್ ಕ್ಲಾಸು!" ಎಂದು ಕೂಗಿ ಹೋಳಿಗೆಗೆ ಬೇಳೆ ಇಟ್ಟಳು. ರಾಜ್ಯೋತ್ಸವದ ಊಟದಲ್ಲಿ ನಮ್ಮ ಕನ್ನಡದವರಿಗೆಲ್ಲ ಹೇಳಿದ್ದಾಳೆ. ನಿನ್ನ ಅಪ್ಪನಿಗೂ ಫೋನ್ ಮಾಡಿದಳಂತೆ. ಬೇಡ ಎಂದೆ, ಕೇಳಲಿಲ್ಲ.

ಇಲ್ಲಿ ಚಳಿ ಜಾಸ್ತಿ. ಸ್ವಲ್ಪ ದಿನ ನನ್ನಿಂದ ಕಾಗದ ಬರದಿದ್ದರೆ ಯೋಚಿಸಬೇಡ.

ಇಂದುಶೇಖರ


ಹೆಡಿಂಗ್ಲಿ, ಲೀಡ್ಸ್
9 ಡಿಸೆಂಬರ್ 2014

ಪೂಜ್ಯ ಅಂಕಲ್‌ಗೆ,

ಅಭಿನಂದನೆಗಳು! ಇಷ್ಟು ದೊಡ್ಡ ಸುದ್ದಿಯನ್ನು ನಾಲ್ಕು ಸಾಲಿನಲ್ಲಿ ಮುಗಿಸಿದ ನಿಮ್ಮ ವಿನಯಕ್ಕೂ ಅಭಿನಂದನೆಗಳು. ಅಪ್ಪ ಫೋನಿನಲ್ಲಿ, "ನೋಡವ್ವಾ, ಅರವತ್ತೊಂದನೇ ವಯಸ್ಸಿಗೆ ಇಂದು ಅರವತ್ತೆಂಟು ತಗಂಡಾನೆ. ನಿನಗೆ ಇಪ್ಪತ್ತಮೂರು. ಲೆಕ್ಕ ಹಾಕ್ಕೋ" ಎಂದರು. ಯಾವ ಲೆಕ್ಕ ಎಂದು ನನಗೆ ತಿಳಿಯಲಿಲ್ಲ.

ನನ್ನ ಮೊದಲ ಅಸೈನ್‌ಮೆಂಟಿನ ಅಂಕವೂ ಬಂದಿದೆ. ಪರವಾಗಿಲ್ಲ, ಎರಡಂಕಿಯೇ ಬಂದಿದೆ. ಟೀಚರು ಕೊನೆಯಲ್ಲಿ "ನೀನು ಬಹಳ ವಿನಯವಂತೆ" ಎಂದು ಬರೆದಿದ್ದಾರೆ.

ಒಂದು ಕೋರಿಕೆ. ನಿಮ್ಮ ಪ್ರಬಂಧದ ಒಂದು ಪ್ರತಿ ಕಳಿಸುತ್ತೀರಾ? ಅದನ್ನು ನೋಡಿಯಾದರೂ ಕಲಿಯುತ್ತೇನೆ. ನಿಜವಾಗಿಯೂ ಬೇಕಿದೆ ಅಂಕಲ್.

ಪ್ರತೀಕ್ಷಾ


ವುಲ್ವರ್‌ಹ್ಯಾಂಪ್ಟನ್
11 ಜನವರಿ 2015

ಪ್ರತೀಕ್ಷಾ,

ಪ್ರಬಂಧದ ಪ್ರತಿ ಕಳಿಸಬೇಕಾಗಿಲ್ಲ. ಯಾವುದಾದರೂ ಲೈಬ್ರರಿಗೆ ಹೋಗಿ ಆ ಪುಸ್ತಕದ 143ನೇ ಪುಟ ತೆಗೆದರೆ ಸಾಕು.

ಅರವತ್ತೆಂಟು ನನ್ನ ಅಂಕವಲ್ಲ. ಇಲ್ಲಿ ವಿದ್ಯಾರ್ಥಿ ಕಳಿಸಿದ್ದನ್ನೆಲ್ಲ ಒಂದು ಯಂತ್ರ ಲೋಕದ ಪುಸ್ತಕಗಳ ಜೊತೆ ಹೋಲಿಸಿ ನೋಡುತ್ತದೆ. ಎಷ್ಟು ಭಾಗ ಬೇರೆಯವರದು ಎಂದು ಹೇಳುತ್ತದೆ. ನನ್ನ ಪ್ರಬಂಧದಲ್ಲಿ ಅರವತ್ತೆಂಟು ಪರ್ಸೆಂಟ್ ಬೇರೆಯವರದು. ಪರದೆಯ ಮೇಲೆ ಎಲ್ಲವೂ ಕೆಂಪಾಗಿತ್ತು, ನನ್ನ ಮುನ್ನುಡಿ, ಮುಕ್ತಾಯ ಮಾತ್ರ ಬಿಳಿ. ಚಂದ್ರಪ್ರಭಾ ಅದನ್ನು ಅಂಕವೆಂದುಕೊಂಡು ಕೂಗಿದಾಗ ನಾನು ಬಾಯಿ ಬಿಡಲಿಲ್ಲ. ಮೊದಲ ಹೋಳಿಗೆ ಎಲೆಗೆ ಬೀಳುವ ಮುಂಚೆ ಹೇಳಬೇಕಿತ್ತು. ಬಿದ್ದ ಮೇಲೆ ಹೇಳಲಾಗಲಿಲ್ಲ.

ಡಿಸೆಂಬರಿನಲ್ಲಿ ಪಾರ್ಜಿಟರ್ ತನ್ನ ಕೋಣೆಗೆ ಕರೆದ. ಬಾಗಿಲು ಮುಚ್ಚಿದ. ಕೆಟ್ಟ ಸುದ್ದಿ ಹೇಳುವಾಗ ನಾನೂ ಹೀಗೇ ಬಾಗಿಲು ಮುಚ್ಚುತ್ತಿದ್ದೆ.

"ಇದನ್ನು ಪುಸ್ತಕದಿಂದ ಕಾಪಿ ಮಾಡಿದ್ದೀರಿ" ಎಂದ.

"ಇಲ್ಲ. ಬರೆಯುವಾಗ ಪುಸ್ತಕ ಕಪಾಟಿನಲ್ಲಿತ್ತು. ಕೀಲಿ ನನ್ನ ಹೆಂಡತಿಯ ಹತ್ತಿರ."

"ಪದಕ್ಕೆ ಪದ ಒಂದೇ ಇದೆಯಲ್ಲ?"

"ಒಂದೇ ಇರಬೇಕಲ್ಲ! ಇರದಿದ್ದರೆ ನಾನು ತಪ್ಪಾಗಿ ಕಲಿತೆ ಎಂದರ್ಥ."

ಅವನು ನನ್ನ ಪ್ರಬಂಧವನ್ನು ಫೈಲಿನೊಳಗೆ ಇಟ್ಟ. ಆಮೇಲೆ, ಇದು ತನ್ನ ಕೈಮೀರಿದ ವಿಷಯ, ಫೆಬ್ರುವರಿ ನಾಲ್ಕಕ್ಕೆ ಮೂವರ ಸಮಿತಿಯ ಮುಂದೆ ವಿಚಾರಣೆ ಎಂದ. ಕೃತಿಚೌರ್ಯವೆಂದು ತೀರ್ಮಾನವಾದರೆ ಕಾಲೇಜಿನಿಂದ ತೆಗೆಯಲೂಬಹುದಂತೆ. ಮೂವತ್ತೈದು ವರ್ಷ ಜನ ನನ್ನ ಸಹಿಯನ್ನು ನಂಬಿ ಮಾತ್ರೆ ನುಂಗಿದ್ದಾರೆ. ಈಗ ನಾನು ಕಳ್ಳ.

ವಿಚಾರಣೆಗೆ ಮುಂಚೆಯೇ ಬಿಟ್ಟುಬಿಡುತ್ತೇನೆ ಎಂದು ಅರ್ಜಿ ಬರೆದಿಟ್ಟಿದ್ದೇನೆ. ಇನ್ನೂ ಕಳಿಸಿಲ್ಲ. ಇದನ್ನು ಯಾರಿಗೂ ಹೇಳಿಲ್ಲ. ಸೋಮಲಿಂಗಪ್ಪನಿಗಂತೂ ಹೇಳಬೇಡ. ನಿನಗೆ ಯಾಕೆ ಹೇಳುತ್ತಿದ್ದೇನೋ ಗೊತ್ತಿಲ್ಲ. ನನ್ನ ಮಾತು ಕೇಳಿ ನೀನೂ ಹೀಗೇ ಬರೆದುಬಿಟ್ಟೀಯ ಎಂಬ ಹೆದರಿಕೆಗೆ ಇರಬೇಕು.

ಇಂದುಶೇಖರ


ಹೆಡಿಂಗ್ಲಿ, ಲೀಡ್ಸ್
17 ಜನವರಿ 2015

ಅಂಕಲ್,

ಅರ್ಜಿ ಹರಿದು ಹಾಕಿ. ಮೊದಲು ಹರಿದು ಬನ್ನಿ, ಆಮೇಲೆ ಮುಂದೆ ಓದಿ.

ನನ್ನ ಎರಡಂಕಿ ನಲವತ್ತೊಂದು. ಎಂಎಸ್ಸಿಗೆ ಐವತ್ತು ಬಂದರೆ ಪಾಸು. ಎರಡನೆಯದರಲ್ಲೂ ಹೀಗಾದರೆ ಡಿಗ್ರಿ ಕೈಬಿಟ್ಟು ಹೊರಡಬೇಕು. ಅಪ್ಪ ನನ್ನ ಫೋಟೋವನ್ನು ಫ್ರೇಮ್ ಹಾಕಿಸಿ ಮುಂದಿನ ಕೋಣೆಯಲ್ಲಿ ತೂಗುಹಾಕಿದ್ದಾರೆ. ನಿಮ್ಮ ನಾಲ್ಕೂವರೆಯ ವಿಧಾನವನ್ನು ನಾನು ಪಾಲಿಸಿದ್ದು ಮೂರೇ ದಿನ. ಆದರೂ ತಪ್ಪು ನಿಮ್ಮದಲ್ಲ. ನಾನು ಮೊದಲಿಂದಲೂ ಹೀಗೇ ಕಲಿತವಳು. ಒಂದು ಲೇಖನವನ್ನು ವಿಮರ್ಶೆ ಮಾಡು ಎಂದಿದ್ದರು. ಆರು ಪುಟ ಹೊಗಳಿದ್ದೆ.

ಫೇಲಾದ ಮೇಲೆ ಲೈಬ್ರರಿಯ ಮೂರನೇ ಮಹಡಿಯಲ್ಲಿ ಹೇಗೆ ಓದಬೇಕು, ಹೇಗೆ ಬರೆಯಬೇಕು ಎಂದು ಹೇಳಿಕೊಡುವ ಮಿಸೆಸ್ ಹಾರ್ಗ್ರೀವ್ಸ್ ಎಂಬುವವರ ಹತ್ತಿರ ಹೋದೆ. ಅವರು ಮೊದಲ ಪುಟ ಓದಿ ಕನ್ನಡಕ ತೆಗೆದು, ಈ ಊರಿನವರು ಎಲ್ಲರನ್ನೂ ಕರೆಯುವ ಹಾಗೆ, "ಲವ್, ಇದು ವಿಮರ್ಶೆ ಅಲ್ಲ, ಥ್ಯಾಂಕ್ಯೂ ಲೆಟರ್" ಎಂದರು. ನನಗೆ ಅಳು ಬಂತು. ಅವರು ಟೀ ಮಾಡಿಕೊಟ್ಟರು. "ನಿನಗೇನೂ ಅನ್ನಿಸಲೇ ಇಲ್ಲವಾ, ಅಥವಾ ಅನ್ನಿಸಿದ್ದನ್ನು ನುಂಗಿದೆಯಾ?" ಎಂದು ಕೇಳಿದರು. ನುಂಗಿದೆ, ಎಂದೆ. "ಹಾಗಾದರೆ ಕೆಲಸ ಸುಲಭ" ಎಂದರು.

ಪ್ರತಿ ಗುರುವಾರ ಹೋಗುತ್ತಿದ್ದೇನೆ. ಅವರು ಹೇಳಿಕೊಟ್ಟಿದ್ದನ್ನೇ ನಿಮಗೆ ಹೇಳುತ್ತೇನೆ. ಓದಿದ ಮೇಲೆ ಪುಸ್ತಕ ಮುಚ್ಚಬೇಕು, ನಿಮ್ಮ ವಿಧಾನದಂತೆಯೇ. ಆದರೆ ಒಪ್ಪಿಸುವಂತಿಲ್ಲ. ಆ ವಿಷಯ ಏನೂ ಗೊತ್ತಿಲ್ಲದ ಯಾರಿಗಾದರೂ ಒಂದು ಕಾಗದ ಬರೆಯಬೇಕು. ನನಗೆ ಕಾಲುವೆಯ ಬಗ್ಗೆ ಏನೂ ಗೊತ್ತಿಲ್ಲ. ನಿಮ್ಮ ಮನೆಯ ಹತ್ತಿರವೇ ಕಾಲುವೆ ಇದೆಯಂತಲ್ಲ? ಹೋಗಿ ನೋಡಿ. ಕಂಡದ್ದನ್ನೂ ಅನ್ನಿಸಿದ್ದನ್ನೂ ಕನ್ನಡದಲ್ಲಿ ನನಗೆ ಬರೆಯಿರಿ. ಪುಸ್ತಕದ ಒಂದು ವಾಕ್ಯ ಸಿಕ್ಕಿದರೂ ಕಾಗದ ವಾಪಸ್ ಕಳಿಸುತ್ತೇನೆ.

ಇದು ವಿನಂತಿಯಲ್ಲ.

ಪ್ರತೀಕ್ಷಾ


ವುಲ್ವರ್‌ಹ್ಯಾಂಪ್ಟನ್
25 ಜನವರಿ 2015

ಪ್ರತೀಕ್ಷಾ ಮೇಡಂ,

ಹೋಗಿ ಬಂದೆ. ಅರ್ಜಿಯನ್ನೂ ಹರಿದೆ, ಆದರೆ ನಾಲ್ಕೇ ಚೂರು. ಬೇಕಾದರೆ ಅಂಟಿಸಬಹುದು.

ಮೂವತ್ತು ವರ್ಷದಿಂದ ಈ ಊರಿನಲ್ಲಿದ್ದೇನೆ, ಕಾಲುವೆಯ ದಂಡೆಗೆ ಒಮ್ಮೆಯೂ ಇಳಿದಿರಲಿಲ್ಲ. ಪೇಟೆಯಿಂದ ಕೆಳಗಿನವರೆಗೆ ಸಾಲಾಗಿ ಇಪ್ಪತ್ತೊಂದು ಲಾಕ್‌ಗಳಿವೆ. ಲಾಕ್ ಎಂದರೆ ಎರಡು ಕಡೆ ದೊಡ್ಡ ಬಾಗಿಲಿರುವ ಕಲ್ಲಿನ ತೊಟ್ಟಿ. ದೋಣಿ ಒಳಗೆ ಬಂದ ಮೇಲೆ ಬಾಗಿಲು ಮುಚ್ಚಿ ನೀರು ತುಂಬಿಸುತ್ತಾರೆ. ನೀರಿನ ಜೊತೆ ದೋಣಿ ಮೇಲೇರುತ್ತದೆ. ಆಗ ಮುಂದಿನ ಬಾಗಿಲು ತೆರೆಯುತ್ತಾರೆ. ಮಹಡಿ ಹತ್ತಿದ ಹಾಗೆ, ಒಂದೊಂದೇ ಮೆಟ್ಟಿಲು.

ಒಬ್ಬ ಹೆಂಗಸು ಕಬ್ಬಿಣದ ಹಿಡಿ ತಿರುಗಿಸುತ್ತಿದ್ದಳು, ದೋಣಿಯಲ್ಲಿ ಅವಳ ಗಂಡ ಟೀ ಕುಡಿಯುತ್ತ ನಿಂತಿದ್ದ. ಇಪ್ಪತ್ತೊಂದೂ ಮುಗಿಸಲು ಎಷ್ಟು ಹೊತ್ತು ಬೇಕು ಎಂದು ಕೇಳಿದೆ. "ಅದೃಷ್ಟ ಇದ್ರೆ ಮೂರು ಗಂಟೆ, ಬ್ಯಾಬ್. ಇವನು ಇಳಿದು ಬಂದು ಕೈ ಹಾಕಿದ್ರೆ ಎರಡೂವರೆ" ಎಂದಳು. ಬ್ಯಾಬ್ ಎಂದರೆ ಈ ಕಡೆಯವರ ಬಾಯಲ್ಲಿ ಪ್ರೀತಿಯ 'ಮಗು'. ಅಷ್ಟರಲ್ಲಿ ತಲೆಯ ಮೇಲಿನ ಸೇತುವೆಯಲ್ಲಿ ರೈಲು ಹೋಯಿತು. ಗಡಿಯಾರ ನೋಡಿದೆ. ಒಂದು ಬಾಗಿಲು ತೆರೆಯುವಷ್ಟರಲ್ಲಿ ಇಡೀ ರೈಲು ಕಣ್ಮರೆ.

ಹಾಗಾದರೆ ವೇಗವೇ ಕಾರಣ ಎಂದುಕೊಂಡೆ. ಪುಸ್ತಕವೂ ಅದನ್ನೇ ಹೇಳುತ್ತದೆ. ಆದರೆ ಮನೆಗೆ ನಡೆಯುತ್ತ ಒಂದು ಯೋಚನೆ ಬಂತು. ರೋಗಿ ಬಂದು "ಡಾಕ್ಟ್ರೇ, ತಲೆನೋವು" ಎಂದರೆ ನಾನು ಎಂದೂ ಅಲ್ಲಿಗೇ ನಿಲ್ಲಿಸಿದವನಲ್ಲ. ನಿದ್ದೆ ಹೇಗಿದೆ, ಮನೆಯಲ್ಲಿ ಯಾರಿದ್ದಾರೆ, ಕೆಲಸ ಹೋಯಿತೇ ಎಂದು ಕೇಳುತ್ತಿದ್ದೆ. ಜೊತೆಗೆ ಬಂದ ಹೆಂಡತಿಯನ್ನು ಬೇರೆಯಾಗಿ ಕೇಳುತ್ತಿದ್ದೆ. ಅದಕ್ಕೆ ನಾವು ವೈದ್ಯರು ಹಿಸ್ಟರಿ ತೆಗೆದುಕೊಳ್ಳುವುದು ಎಂದೇ ಹೇಳುವುದು! ಮೂವತ್ತೈದು ವರ್ಷ ದಿನಕ್ಕೆ ಮೂವತ್ತು ಹಿಸ್ಟರಿ ತೆಗೆದುಕೊಂಡವನು, ಹಿಸ್ಟರಿ ಕಾಲೇಜಿಗೆ ಹೋಗಿ ಒಂದೇ ಒಂದು ಸಾಕ್ಷಿಯ ಮಾತು ಕೇಳಿ ಔಷಧ ಬರೆದುಬಿಟ್ಟೆ.

ಕಲ್ಲಿದ್ದಲಿಗೇನು ಅವಸರ? ಅದು ಕೊಳೆಯುವುದಿಲ್ಲ, ಹಳಸುವುದಿಲ್ಲ. ಮೂರು ಗಂಟೆ ತಡವಾದರೆ ಏನಂತೆ? ಹಾಗಾದರೆ ಅವಸರ ಯಾರಿಗಿತ್ತು? ಕಾಲುವೆಯ ಯಜಮಾನರು ಏನು ಮಾಡುತ್ತಿದ್ದರು? ಅವರೇ ರೈಲಿನವರ ಜೊತೆ ಕೈ ಜೋಡಿಸಿದ್ದರೇ? ನಾಳೆ ಲೈಬ್ರರಿಗೆ ಹೋಗಿ ಉಳಿದ ಹನ್ನೊಂದು ಸಾಕ್ಷಿಗಳನ್ನೂ ವಿಚಾರಿಸುತ್ತೇನೆ.

ಇಂದುಶೇಖರ


ಹೆಡಿಂಗ್ಲಿ, ಲೀಡ್ಸ್
29 ಜನವರಿ 2015

ಅಂಕಲ್,

ಇದೇ ನಿಮ್ಮ ಪ್ರಬಂಧ! ನನಗೆ ಕಾಗದ ಬರೆಯುತ್ತಿದ್ದೇನೆ ಎಂದುಕೊಂಡು ಅರ್ಧ ಬರೆದೇಬಿಟ್ಟಿದ್ದೀರಿ. ಮಿಸೆಸ್ ಹಾರ್ಗ್ರೀವ್ಸ್‌ಗೆ ಇಂಗ್ಲಿಷಿನಲ್ಲಿ ಹೇಳಿದೆ. ಕಲ್ಲಿದ್ದಲಿಗೆ ಅವಸರವಿಲ್ಲ ಎಂಬ ಮಾತಿಗೆ ಅವರು ಜೋರಾಗಿ ನಕ್ಕು, "ಈ ಮನುಷ್ಯನ ಮೇಲಾ ಕಳ್ಳತನದ ಆರೋಪ?" ಎಂದರು.

ಬುಧವಾರ ಸಮಿತಿಯ ಮುಂದೆ ಇದ್ದದ್ದನ್ನು ಇದ್ದ ಹಾಗೆ ಹೇಳಿ. ಭಾಷಣ ಬೇಡ. ರ‍್ಯಾಂಕಿನ ವಿಷಯ ತೆಗೆಯಬೇಡಿ. ಆಂಟಿಗೆ ಮೊದಲೇ ಹೇಳಿಬಿಡಿ, ಅವರಿಗೆ ಬೇರೆಯವರಿಂದ ಗೊತ್ತಾಗುವುದು ಬೇಡ.

ನನ್ನ ಎರಡನೇ ವಿಮರ್ಶೆಯೂ ಮುಂದಿನ ತಿಂಗಳು ಕೊಡಬೇಕು. ಕಿಟಕಿಯ ಹತ್ತಿರ ಕೂರುವ ಪ್ರೊಫೆಸರರ ಲೇಖನವೇ ಬಂದಿದೆ.

ಪ್ರತೀಕ್ಷಾ


ವುಲ್ವರ್‌ಹ್ಯಾಂಪ್ಟನ್
5 ಫೆಬ್ರುವರಿ 2015

ಪ್ರತೀಕ್ಷಾ,

ಮುಗಿಯಿತು. ಸಾವಧಾನವಾಗಿ ಹೇಳುತ್ತೇನೆ.

ಮೇಜಿನ ಆ ಕಡೆ ಮೂವರು. ನಡುವೆ ಬಿಳಿ ಗಡ್ಡದ ಅಧ್ಯಕ್ಷರು, ಅವರ ಬಲಕ್ಕೆ ಪಾರ್ಜಿಟರ್, ಎಡಕ್ಕೆ ಒಬ್ಬ ಹೆಂಗಸು. ಅಧ್ಯಕ್ಷರು ನನ್ನ ಹೇಳಿಕೆಯನ್ನು ಓದಿ, "ಹದಿನಾಲ್ಕು ಪುಟ ಬಾಯಿಪಾಠ ಮಾಡಿ ನೆನಪಿನಿಂದ ಬರೆದೆ ಎನ್ನುತ್ತೀರಿ. ಇದನ್ನು ನಂಬುವುದು ಕಷ್ಟ" ಎಂದರು. ಅವರ ಮುಂದೆ ಪುಸ್ತಕವಿತ್ತು. ತೆಗೆಯಿರಿ ಎಂದೆ. ಎದ್ದು ನಿಂತೆ. ಕೈ ಕಟ್ಟಿಕೊಂಡೆ, ಅದು ತಾನಾಗಿಯೇ ಆಯಿತು. 143ನೇ ಪುಟದ ಮೊದಲ ಸಾಲಿನಿಂದ ಶುರು ಮಾಡಿದೆ. ಅಧ್ಯಕ್ಷರು ಸಾಲಿನ ಮೇಲೆ ಬೆರಳಿಟ್ಟುಕೊಂಡು ಹಿಂಬಾಲಿಸಿದರು. ಎರಡನೇ ಪುಟಕ್ಕೆ ಪಾರ್ಜಿಟರನ ಬಾಯಿ ಅರ್ಧ ತೆರೆದಿತ್ತು. ಮೂರನೇ ಪುಟದ ಕೊನೆಗೆ ಅಧ್ಯಕ್ಷರು, "ಸಾಕು, ಸಾಕು, ಡಾಕ್ಟರ್" ಎಂದರು.

"ಇಲ್ಲೊಂದು ಅಡಿಟಿಪ್ಪಣಿ ಇದೆ" ಎಂದೆ.

ಅದನ್ನೂ ಹೇಳಿ ಮುಗಿಸಿದ ಮೇಲೆ ಆ ಹೆಂಗಸು ಮೊದಲ ಸಲ ಮಾತಾಡಿದರು. "ಬಹಳ ಚೆನ್ನಾಗಿ ಹೇಳಿದಿರಿ. ಈಗ ಹೇಳಿದ ಕೊನೆಯ ವಾಕ್ಯ ನಿಜ ಎಂದು ನಿಮಗನ್ನಿಸುತ್ತದೆಯೇ?"

ವೇಗವೇ ಕಾರಣ ಎಂಬ ವಾಕ್ಯ ಅದು, ಎರಡು ವಾರ ದಿನಾ ಬಾಯಲ್ಲಿ ಆಡಿದ್ದು. ಆಗ ಅದು ನಿಜವೇ ಎಂದು ಒಂದು ಸಲವೂ ಕೇಳಿಕೊಂಡಿರಲಿಲ್ಲ. ಕುರ್ಚಿಯಲ್ಲಿ ಕೂತುಬಿಟ್ಟೆ. ಆಮೇಲೆ ನಿನಗೆ ಬರೆದದ್ದನ್ನೇ ಅವರಿಗೂ ಹೇಳಿದೆ. ಲಾಕ್, ಟೀ ಕುಡಿಯುತ್ತಿದ್ದ ಗಂಡ, ಅವಸರವಿಲ್ಲದ ಕಲ್ಲಿದ್ದಲು. ಆ ಹೆಂಗಸು ಬರೆದುಕೊಳ್ಳುತ್ತಲೇ ಇದ್ದರು.

ಮೋಸದ ಉದ್ದೇಶ ಕಾಣುವುದಿಲ್ಲ, ಆದರೆ ಓದುವ ಕ್ರಮ ತಪ್ಪು, ಆರು ವಾರದಲ್ಲಿ ಪ್ರಬಂಧವನ್ನು ಹೊಸದಾಗಿ ಬರೆಯಬೇಕು ಎಂದು ತೀರ್ಪಾಯಿತು. ಹೊರಗೆ ಬಂದಾಗ ಪಾರ್ಜಿಟರ್ ಹಿಂದೆಯೇ ಬಂದು, "ಮೊದಲೇ ಇದನ್ನೇ ಯಾಕೆ ಬರೆಯಲಿಲ್ಲ?" ಎಂದ. "ನನಗೇನನ್ನಿಸುತ್ತದೆ ಎಂದು ಯಾರು ಕೇಳುತ್ತಾರೆ ಎಂದುಕೊಂಡೆ" ಎಂದೆ. "ನಾನು ಕೇಳುತ್ತೇನೆ. ನನಗೆ ಸಂಬಳ ಕೊಡುವುದೇ ಅದಕ್ಕೆ" ಎಂದ.

ನೀನು ಹೇಳಿದ್ದರಲ್ಲಿ ಒಂದನ್ನು ಮಾತ್ರ ಮಾಡಲು ಧೈರ್ಯ ಸಾಲದೆ ಮುಂದೂಡಿದ್ದೆ. ಮನೆಗೆ ಬಂದು ಚಂದ್ರಪ್ರಭಾಳಿಗೆ ಎಲ್ಲ ಹೇಳಿದೆ. ಅವಳು ಒಲೆ ಆರಿಸಿ ಬಂದು ಎದುರು ಕೂತಳು.

"ಹಾಗಾದ್ರೆ ಆವತ್ತಿನ ಹೋಳಿಗೆ ಆ ಪುಸ್ತಕ ಬರೆದವನಿಗೆ ಸೇರಬೇಕಿತ್ತು ಕಣ್ರೀ" ಎಂದಳು. ಮತ್ತೆ, "ಪುಸ್ತಕ ಹಿಡಿದು ಒಪ್ಪಿಸಿಕೊಂಡವಳು ನಾನು. ನನ್ನನ್ನೂ ವಿಚಾರಣೆಗೆ ಕರೀತಾರಾ?" ಎಂದಳು. ಇಲ್ಲ ಎಂದೆ. ಆಮೇಲೆ ಅವಳು ನಗಲು ಶುರು ಮಾಡಿದವಳು ನಿಲ್ಲಿಸಲೇ ಇಲ್ಲ. ಎರಡು ತಿಂಗಳು ಒಬ್ಬನೇ ಹೊತ್ತದ್ದಕ್ಕೆ ಬೈದದ್ದು ಮಾತ್ರ ನಗು ನಿಂತ ಮೇಲೆ, ಮತ್ತು ಸರಿಯಾಗಿಯೇ.

ಇಂದುಶೇಖರ


ಹೆಡಿಂಗ್ಲಿ, ಲೀಡ್ಸ್
22 ಮಾರ್ಚ್ 2015

ಅಂಕಲ್,

ಅರವತ್ತನಾಲ್ಕು! ಇದು ನಿಜವಾದ ಅಂಕ. ಎರಡು ಸಲ ನೋಡಿದೆ, ಪಕ್ಕದ ಕೋಣೆಯವಳಿಗೂ ತೋರಿಸಿ ಖಚಿತಪಡಿಸಿಕೊಂಡೆ.

ಪ್ರೊಫೆಸರರ ಲೇಖನ ಹತ್ತಿಯ ನೂಲು ಎಷ್ಟು ಎಳೆದರೆ ತುಂಡಾಗುತ್ತದೆ ಎಂಬುದರ ಬಗ್ಗೆ. ಓದುವಾಗಲೇ ಏನೋ ಒಂದು ಚುಚ್ಚುತ್ತಿತ್ತು, ಏನೆಂದು ಹೊಳೆಯಲಿಲ್ಲ. ಕಾಗದದ ರೂಪದಲ್ಲಿ ಬರೆಯೋಣ ಎಂದು ಅಪ್ಪನಿಗೆ ಬರೆಯಲು ಕೂತೆ. ಅಪ್ಪ ಎಂದ ಕೂಡಲೇ ಅವರು ಕೆಲಸ ಮಾಡುತ್ತಿದ್ದ ಹತ್ತಿ ಮಿಲ್ಲು ನೆನಪಾಯಿತು. ಏಪ್ರಿಲ್ ಬಂದರೆ ನೂಲು ಪಟಪಟ ಹರಿಯುತ್ತದೆ, ಗಾಳಿಯಲ್ಲಿ ತೇವ ಇರಬೇಕು ಎಂದು ನೆಲಕ್ಕೆ ನೀರು ಹೊಡೆಸುತ್ತಿದ್ದರು. ಲೇಖನದಲ್ಲಿ ಕೋಣೆಯ ತೇವಾಂಶ ಎಷ್ಟಿತ್ತೆಂದು ಎಲ್ಲೂ ಹೇಳಿಲ್ಲ! ಮೂರು ಸಲ ಹುಡುಕಿದೆ. ಆಮೇಲೆ ಅದನ್ನೇ ಬರೆದೆ. "ದಯವಿಟ್ಟು ಕ್ಷಮಿಸಿ" ಎಂದು ಶುರು ಮಾಡಿದ್ದೆ, ಮಿಸೆಸ್ ಹಾರ್ಗ್ರೀವ್ಸ್ ಅದನ್ನು ಹೊಡೆದು ಹಾಕಿಸಿದರು.

ಪ್ರೊಫೆಸರ್ ಕಾರಿಡಾರಿನಲ್ಲಿ ನನ್ನನ್ನು ನಿಲ್ಲಿಸಿದರು. "ಲೇಖನ ಬಂದ ಒಂಬತ್ತು ವರ್ಷದಲ್ಲಿ ಇದನ್ನು ಕೇಳಿದವಳು ನೀನೊಬ್ಬಳೇ. ತೇವಾಂಶದ ಬಗ್ಗೆ ನಿನಗೆ ಹೇಗೆ ಗೊತ್ತು?" ಎಂದರು. ನಮ್ಮಪ್ಪ ಹೇಳಿದ್ದು ಸರ್, ಎಂದೆ. ಅದನ್ನು ಅಪ್ಪನಿಗೆ ಫೋನಿನಲ್ಲಿ ಹೇಳಿದೆ. ಅವರು ಪ್ರೊಫೆಸರರ ಮಾತನ್ನು ಎರಡು ಸಲ ಹೇಳಿಸಿದರು. ಆಮೇಲೆ, "ನೆಲಕ್ಕೆ ನೀರು ಹೊಡೆಸಿದ್ದೂ ಓದಿಗೆ ಬಂತೇನವ್ವಾ?" ಎಂದರು. ನಲವತ್ತೊಂದರ ವಿಷಯವನ್ನೂ ಆಗಲೇ ಹೇಳಿಬಿಟ್ಟೆ. ಬೈಯುವುದು ಮರೆತರು.

ನಿಮ್ಮ ಹೊಸ ಪ್ರಬಂಧ ಏನಾಯಿತು? ಸುಳ್ಳು ಹೇಳಬೇಡಿ, ನಿಜ ಅಂಕ ಹೇಳಿ.

ಪ್ರತೀಕ್ಷಾ


ವುಲ್ವರ್‌ಹ್ಯಾಂಪ್ಟನ್
26 ಏಪ್ರಿಲ್ 2015

ಪ್ರಿಯ ಪ್ರತೀಕ್ಷಾ,

ಐವತ್ತನಾಲ್ಕು. ಹುಟ್ಟಿದಾರಭ್ಯ ಇಷ್ಟು ಕಡಿಮೆ ತೆಗೆದವನಲ್ಲ. ಚಂದ್ರಪ್ರಭಾ ಕಂಪ್ಯೂಟರಿನ ಮುಂದೆ ಕೂತು, ಇದು ಯಾವುದರ ಪರ್ಸೆಂಟು, ಯಾರದು, ಎಂದು ಅಡ್ಡಪ್ರಶ್ನೆ ಹಾಕಿ ಖಾತ್ರಿ ಮಾಡಿಕೊಂಡ ಮೇಲೇ ಎದ್ದಳು. ಪಾರ್ಜಿಟರ್ ಅಂಚಿನಲ್ಲಿ ಹದಿನೇಳು ಕಡೆ ಜಗಳವಾಡಿದ್ದಾನೆ. ಮೊದಲಿನ ಪ್ರಬಂಧದ ಅಂಚು ಖಾಲಿಯಾಗಿತ್ತು.

ನಿನ್ನ ಅರವತ್ತನಾಲ್ಕಕ್ಕೆ ಅವಳು ಆಶೀರ್ವಾದ ಹೇಳಿದ್ದಾಳೆ. ನಾನು ಹೇಳಬೇಕಾದ ವಿಷಯ ಬೇರೆಯಿದೆ.

ಮೊನ್ನೆ ಸೆಮಿನಾರಿನಲ್ಲಿ ಹಳೇ ಬರ್ಮಿಂಗ್‌ಹ್ಯಾಮಿನ ಕೆಲಸಗಾರರ ಮಾತು ಬಂತು. ಆ ಕಾಲದಲ್ಲಿ ಅವರು ಸೋಮವಾರ ಕೆಲಸಕ್ಕೆ ಹೋಗುತ್ತಿರಲಿಲ್ಲವಂತೆ. ಯಾಕೆ, ಎಂದು ಪಾರ್ಜಿಟರ್ ಕೇಳಿದ. ನನ್ನ ಕೈ ಮೇಲೆದ್ದದ್ದು ನನಗೇ ಗೊತ್ತಾಗಲಿಲ್ಲ.

"ಹೊಟ್ಟೆ" ಎಂದೆ.

"ಏನಂದಿರಿ?"

"ಭಾನುವಾರದ ಭಾರೀ ಊಟ. ಮೂವತ್ತೈದು ವರ್ಷ ಸೋಮವಾರದ ಕ್ಲಿನಿಕ್ ನಡೆಸಿದ್ದೇನೆ. ಅರ್ಧ ಊರು ಹೊಟ್ಟೆ ಹಿಡಿದುಕೊಂಡು ಬರುತ್ತಿತ್ತು. ಮನುಷ್ಯನ ಹೊಟ್ಟೆ ಇನ್ನೂರು ವರ್ಷದಲ್ಲಿ ಬದಲಾಗಿಲ್ಲ."

ಪಕ್ಕದಲ್ಲಿ ಕೂತ ಹುಡುಗಿ ಬಿದ್ದು ಬಿದ್ದು ನಕ್ಕಳು. ಅದು ಕುಡಿತ, ಭಾನುವಾರದ ಕುಡಿತ, ಎಂದಳು. ಇನ್ನೊಬ್ಬ, ಇಲ್ಲ, ಅವರಿಗೆ ತಮ್ಮ ಸಮಯದ ಮೇಲೆ ತಮ್ಮದೇ ಹಕ್ಕಿತ್ತು ಎಂದ. ಪಾರ್ಜಿಟರ್ ಕುರ್ಚಿಯನ್ನು ನನ್ನ ಕಡೆ ಎಳೆದುಕೊಂಡು, "ಡಾಕ್ಟರ್, ಬಹಳ ಸ್ವಾರಸ್ಯವಾಗಿದೆ. ಸಂಪೂರ್ಣ ತಪ್ಪು. ಆದರೆ ಬಿಡಬೇಡಿ, ವಾದಿಸಿ" ಎಂದ. ವಾದಿಸಿದೆ. ಹತ್ತು ನಿಮಿಷ. ಹತ್ತೊಂಬತ್ತು ವರ್ಷದ ಮೂವರು ಸೇರಿ ನನ್ನನ್ನು ಎಲ್ಲ ಕಡೆಯಿಂದ ಸೋಲಿಸಿದರು. ಬಡವರಿಗೆ ಅಂಥ ಊಟ ಎಲ್ಲಿಂದ ಬರಬೇಕು ಎಂದು ಆ ಹುಡುಗಿ ಕೇಳಿದಳು ನೋಡು, ಅಲ್ಲಿಗೆ ನನ್ನ ವಾದ ಮುಗಿಯಿತು. ತರಗತಿ ಮುಗಿದ ಮೇಲೆ ಮೂವರೂ ನನ್ನನ್ನು ಕಾಫಿಗೆ ಕರೆದರು. ಅಲ್ಲೂ ಸೋತೆ.

ನಿನ್ನೆ ಲೈಬ್ರರಿಯಿಂದ ಆ ವಿಷಯದ ಐದು ಪುಸ್ತಕ ತಂದೆ. ಪುಟ ಪುಟ ತಿರುವಿ ನೋಡಿದೆ. ಹೊಟ್ಟೆಯ ಮಾತು ಯಾವುದರಲ್ಲೂ ಇಲ್ಲ, ಪ್ರತೀಕ್ಷಾ, ಅಡಿಟಿಪ್ಪಣಿಯಲ್ಲಿ ಕೂಡ ಇಲ್ಲ. ಆ ತಪ್ಪು ಪೂರ್ತಿ ನನ್ನದೇ.

ಇಂದುಶೇಖರ